ದೊಡ್ಡಮ್ಮನ ಮಡಿ ಸ್ವೆಟರು

ಈ ಮಾಗಿಯ ಒಂದು ಸೋಮವಾರ, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿದ್ದಾಗ, ನಾನು ಅಡ್ಡಗದ್ದೆಯ ನಮ್ಮ ದೊಡ್ಡಮ್ಮನ ಅಡುಗೆಮನೆಯ ಹೊಸ್ತಿಲಿನ ಹೊರಗೆ ನಿಂತಿದ್ದೆ. ಒಲೆಗೂ ನನಗೂ ನಡುವೆ ಐದು ಹೆಜ್ಜೆ. ಒಳಗೆ ಹೋಗುವ ಹಾಗಿರಲಿಲ್ಲ. ನನ್ನ ಸ್ನಾನವಾಗಿರಲಿಲ್ಲ, ದೊಡ್ಡಮ್ಮ ಮಡಿಯಲ್ಲಿದ್ದರು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅಲ್ಲಿ ನಡೆದದ್ದಕ್ಕೆ ನಾನು ಬರೀ ಸಾಕ್ಷಿ ಎಂದು ಇದುವರೆಗೆ ಹೇಳಿಕೊಂಡು ಬಂದಿದ್ದೇನೆ.

ನಿವೃತ್ತನಾದ ವರ್ಷವೇ ನನ್ನ ಮೊಣಕಾಲು ಕೈಕೊಟ್ಟಿತು. ಕೊಪ್ಪದ ಮನೆಯಲ್ಲಿ ಕೂತಲ್ಲೇ ಕೂತು ಹೆಂಡತಿಯ ಕೆಲಸದಲ್ಲಿ ತಪ್ಪು ಹುಡುಕತೊಡಗಿದಾಗ, ಅವಳು ನನ್ನ ಕೈಗೆ ಎರಡು ಹೆಣಿಗೆ ಕಡ್ಡಿ ಕೊಟ್ಟು ಬಾಯಿ ಮುಚ್ಚಿಸಿದಳು. ಅಂದಿನಿಂದ ನೆಂಟರಲ್ಲಿ ಯಾರೂ ಕ್ಷೇಮವಾಗಿಲ್ಲ. ಸೀತೂರಿನ ಭಾವನಿಗೆ ಹೆಣೆದ ಟೋಪಿ ಗಲ್ಲದವರೆಗೆ ಇಳಿಯಿತು. "ಉಸಿರಾಡಕ್ಕೆ ಒಂದು ಕಿಂಡಿ ಬಿಡದಲ್ವನಾ ಮಾರಾಯ" ಎಂದರು. ತಂಗಿಯ ಮೊಮ್ಮಗಳ ಕುಲಾವಿ ಮುಗಿಯುವ ಹೊತ್ತಿಗೆ ಅವಳು ಶಾಲೆಗೆ ಸೇರಿಯಾಗಿತ್ತು. ಅದು ಈಗ ಅವರ ಮನೆಯ ಮಿಕ್ಸಿಗೆ ಹೊದಿಕೆ.

ತಾವಾಗಿ ಕೇಳಿ ಹೆಣೆಸಿಕೊಂಡವರು ದೊಡ್ಡಮ್ಮ ಒಬ್ಬರೇ. ಅರವತ್ತೆರಡರ ನನ್ನನ್ನು ಇಂದಿಗೂ ಮಾಣಿ ಎಂದು ಕರೆಯುವವರೂ ಅವರೊಬ್ಬರೇ. "ಉಣ್ಣೇದೊಂದು ಸ್ವೆಟರ್ ಹೆಣೆದುಕೊಡ್ತ್ಯಾ ಮಾಣಿ? ಪೂಜೆಗೆ ಕೂತ್ರೆ ಕೈ ನಡುಗ್ತದೆ, ದೀಪ ಹಚ್ಚಕ್ಕೆ ಆಗ್ತಿಲ್ಲ." ಹತ್ತಿಯ ಬಟ್ಟೆಯಾದರೆ ದಿನವೂ ಒಗೆದು, ಯಾರೂ ಮುಟ್ಟದಂತೆ ಒಣಗಿಸಿದರೆ ಮಾತ್ರ ಮಡಿ. ಉಣ್ಣೆಗೆ ಆ ಕಾಟವಿಲ್ಲ. ಪೇಟೆಯ ಅಂಗಡಿಯವನು "ಅಸಲಿ ಉಣ್ಣೆ ಸಾರ್" ಎಂದ ಬಿಳಿ ದಾರ ತಂದು ಹೆಣೆದುಕೊಟ್ಟೆ. ಅಳತೆ ಸರಿಬಂತು. ನನ್ನ ಕೈಯಲ್ಲಿ ಅಳತೆ ಸರಿಬಂದ ಮೊದಲ ಉಡುಪು ಅದು.

ಆ ಸೋಮವಾರ ದೊಡ್ಡಮ್ಮ ಒಲೆಯ ಸೌದೆ ಮುಂದೆ ನೂಕಿದರು. ಕಿಡಿಯೊಂದು ಸಿಡಿದು ಎಡತೋಳಿನ ಮೇಲೆ ಕೂತಿತು. ಸೊಸೆ ಸುಮಿತ್ರತ್ತಿಗೆ ಓಡಿಬಂದು ತಟ್ಟಿ ಆರಿಸಿದರು. ಆಮೇಲೆ ಮೂಗರಳಿಸಿದರು.

"ಉಣ್ಣೆ ಸುಟ್ರೆ ಕೂದಲು ಸುಟ್ಟ ವಾಸನೆ ಬರ್ಬೇಕಲ್ಲ ಅತ್ತೆ. ಇದು ಪ್ಲಾಸ್ಟಿಕ್ ಕೊಡ ಸುಟ್ಟ ಹಂಗಿದೆ."

ತೋಳಿನಲ್ಲಿ ತೂತಾಗಿತ್ತು. ಅದರ ಅಂಚು ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಗಿತ್ತು. ದೊಡ್ಡಮ್ಮ ಅದನ್ನು ಉಗುರಿನಿಂದ ಒತ್ತಿ ನೋಡಿದರು.

"ಎರಡು ತಿಂಗಳು ಇದನ್ನ ಹಾಕ್ಕೊಂಡೇ ನೈವೇದ್ಯ ಮಾಡಿದೀನಲ್ಲೇ!"

ಅತ್ತಿಗೆ ನನ್ನತ್ತ ತಿರುಗಿದರು. "ಅಂಗಡಿಯವನು ಅಸಲಿ ಅಂದಿದ್ದ" ಎಂದೆ. ಅದು ನಿಜ.

"ಅವನನ್ನ ಯಾಕೆ ಹಂಗೆ ನೋಡ್ತೀಯ? ಮಾಣಿಗೆ ಎಂತ ಗೊತ್ತು ಪಾಪ" ಎಂದು ದೊಡ್ಡಮ್ಮ ಸ್ವೆಟರು ಕಳಚಿ ಹೊಸ್ತಿಲಾಚೆ ಇಟ್ಟರು. ಆ ಚಳಿಯಲ್ಲಿ ಮತ್ತೆ ಸ್ನಾನ ಮಾಡಿ, ಬರಿದೋಳಿನಲ್ಲಿ ದೇವರ ಮುಂದೆ ಕೂತರು. ಮೂರು ಬೆಂಕಿಕಡ್ಡಿ ಅವರ ಕೈಯಲ್ಲೇ ಆರಿದವು. ನಾಲ್ಕನೆಯದಕ್ಕೆ ದೀಪ ಹತ್ತಿತು.

ಹೇಳದೆ ಬಿಟ್ಟದ್ದು ಇಷ್ಟು. ಬೆನ್ನಿನ ಭಾಗ ಮುಗಿಯುವಾಗ ದಾರದ ಉಂಡೆಯೊಳಗಿಂದ ಒಂದು ಚೀಟಿ ಉದುರಿತ್ತು. ಅಕ್ರಿಲಿಕ್ ಎಂದು ಅಚ್ಚಾಗಿತ್ತು. ಅಷ್ಟು ನೇರವಾದ ಹೆಣಿಗೆ ನನ್ನಿಂದ ಇನ್ನೊಮ್ಮೆ ಆದೀತೆಂಬ ನಂಬಿಕೆ ನನಗಿರಲಿಲ್ಲ. ಚೀಟಿಯನ್ನು ಬಚ್ಚಲೊಲೆಗೆ ಹಾಕಿದೆ.

ಈಗ ನಿಜವಾದ ಉಣ್ಣೆ ತರಿಸಿ, ಪ್ರತಿ ಉಂಡೆಯಿಂದ ಒಂದು ಎಳೆ ಸುಟ್ಟು, ಮೂಸಿ, ಹೊಸದು ಹೆಣೆದಿದ್ದೇನೆ. "ಕೊಡುವಾಗ ಚೀಟಿ ವಿಷಯ ನೀವೇ ಹೇಳ್ಬಿಡಿ" ಎಂದಳು ಹೆಂಡತಿ. "ತೋಳು ಮುಗೀಲಿ" ಎಂದೆ. ಎರಡೂ ತೋಳು ಮುಗಿದು ವಾರವಾಯಿತು. ಅಡ್ಡಗದ್ದೆಯಲ್ಲಿ ಚಳಿ ಇನ್ನೂ ಇದೆ. ಇವತ್ತು ಬೆಳಿಗ್ಗೆ ಹೊಸದರ ಎಡತೋಳನ್ನು ಬಿಚ್ಚಿದೆ.

ಕಿಡಿ ಬಿದ್ದದ್ದನ್ನು ಕಂಡವರು ದೊಡ್ಡಮ್ಮ, ಸುಮಿತ್ರತ್ತಿಗೆ, ನಾನು. ಮೂವರೂ ಇದ್ದೇವೆ. ಚೀಟಿ ಸುಟ್ಟದ್ದನ್ನೂ ತೋಳು ಬಿಚ್ಚಿದ್ದನ್ನೂ ಕಂಡವಳು ನನ್ನ ಹೆಂಡತಿ. ಅವಳಂತೂ ಗಟ್ಟಿಮುಟ್ಟಾಗಿಯೇ ಇದ್ದಾಳೆ. ನಾಳೆ ಬೆಳಗಿನ ಅಡ್ಡಗದ್ದೆ ಬಸ್ಸು ಎಷ್ಟು ಹೊತ್ತಿಗೆಂದು ಈಗಷ್ಟೇ ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದಳು.