ಇಪ್ಪತ್ತು ನಿಮಿಷದ ಲ್ಯಾಪ್‌ಟಾಪು

ನನ್ನ ತಮ್ಮನ ಲ್ಯಾಪ್‌ಟಾಪನ್ನು ಹಾಳು ಮಾಡಿದವಳು ನಾನೇ. ಮನೆಯವರೆಲ್ಲ ಅದನ್ನು ರಿಪೇರಿ ಅನ್ನುತ್ತಾರೆ. ಅನ್ನಲಿ. ನಾನು ನಾಲ್ಕನೇ ಕ್ಲಾಸು ಓದಿದವಳು. ಆದರೂ ಯಾವುದು ಹಾಳಾಯಿತು, ಯಾವುದು ಸರಿಯಾಯಿತು ಎಂದು ಹೇಳಲು ಅಷ್ಟು ಓದು ಸಾಕು.

ಈ ತಮ್ಮನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನಾನು ಮದುವೆಯಾಗಿ ತಿಪಟೂರಿನಿಂದ ವಿಶಾಖಪಟ್ಟಣಕ್ಕೆ ಬಂದೆ. ಅವನು ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯವಾಡಕ್ಕೆ ಬಂದ, ಒಬ್ಬ ತೆಲುಗು ಹುಡುಗಿಯನ್ನು ಕಟ್ಟಿಕೊಂಡು ಅಲ್ಲಿನ ಪಟಮಟದಲ್ಲೇ ನೆಲೆಸಿದ. ಈಗ ನಿವೃತ್ತ. ಬೇರೆ ನಿವೃತ್ತರು ವಾಕಿಂಗ್ ಹೋಗುತ್ತಾರೆ. ಇವನು ಬೆಳಿಗ್ಗೆ ಏಳಕ್ಕೆ ಲ್ಯಾಪ್‌ಟಾಪ್ ತೆರೆದು ತಿಪಟೂರಿನ ಹವಾಮಾನ ನೋಡುತ್ತಾನೆ! ಅಲ್ಲಿ ನಮ್ಮವರೆನ್ನುವವರು ಒಬ್ಬರೂ ಉಳಿದಿಲ್ಲ. ಅಲ್ಲಿ ಮಳೆ ಬಂದರೆ ಇವನಿಗೇನು? ಬಟ್ಟೆ ಒಣಹಾಕಿ ಬಂದಿದ್ದಾನೆಯೇ?

ಆ ಲ್ಯಾಪ್‌ಟಾಪೋ, ಗುಂಡಿ ಒತ್ತಿದ ಮೇಲೆ ತೆರೆಯಲು ಇಪ್ಪತ್ತು ನಿಮಿಷ ಬೇಕು. ಒಮ್ಮೆ ನಮ್ಮ ಮನೆಗೆ ಬರುವಾಗ ರೈಲಿನಲ್ಲಿ, ವಿಜಯವಾಡ ಬಿಡುತ್ತಲೇ ಒತ್ತಿದನಂತೆ. ಎರಡು ಸ್ಟೇಷನ್ ದಾಟಿದಾಗಲೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತಂತೆ. ಎದುರು ಕೂತವರು, "ರೈಲಿಗಿಂತ ನಿಮ್ಮದೇ ಲೇಟಂಡೀ" ಅಂದರಂತೆ. ಇವನು ಅದನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಆ ಇಪ್ಪತ್ತು ನಿಮಿಷ ಇವನು ಏನು ಮಾಡಬೇಕು? ನನಗೆ ಫೋನ್ ಮಾಡುತ್ತಿದ್ದ.

"ಅಕ್ಕ, ಒತ್ತಿದ್ದೀನಿ. ತೆರೆಯೋವರೆಗೂ ಮಾತಾಡೋಣ ಅಂತ."

"ನಾನೇನು ನಿನ್ನ ವೇಟಿಂಗ್ ರೂಮೇನೋ?"

"ಅಲ್ಲ ಕಣಕ್ಕ, ಸುಮ್ನೆ ಕೂರೋಕಾಗಲ್ವಲ್ಲ. ಅಮ್ಮ ಹುರುಳಿಕಾಳಿನ ಬಸ್ಸಾರಿಗೆ ತೆಂಗಿನಕಾಯಿ ಹುರೀತಿದ್ಲಾ, ಹಸೀದೇ ಹಾಕ್ತಿದ್ಲಾ?"

ಹೀಗೆ ಶುರುವಾದರೆ, ಬಾವಿಕಟ್ಟೆಯ ಮೇಲೆ ಅವನ ಹಲ್ಲು ಮುರಿದ ಕಥೆಯವರೆಗೆ ಹೋಗುತ್ತಿತ್ತು. ಹಲ್ಲು ಮುರಿದದ್ದು ಯಾರಿಂದ ಎಂದು ನಾವು ಇನ್ನೂ ತೀರ್ಮಾನ ಮಾಡಿಲ್ಲ. ಅವನು ನನ್ನಿಂದ ಅನ್ನುತ್ತಾನೆ. ಅದು ಸುಳ್ಳು. ನಡುವೆಯೇ ಕೂಗುತ್ತಿದ್ದ: "ಹಾ, ತೆರೀತು! ತಿಪಟೂರಲ್ಲಿ ಮೋಡ. ಇಡ್ತೀನಿ!" ಠಕ್ ಎಂದು ಫೋನ್ ಇಡುತ್ತಿದ್ದ. ಮರ್ಯಾದೆ ಎನ್ನುವುದು ಇವನ ಬಳಿ ಎಂದೂ ಸುಳಿದದ್ದಿಲ್ಲ.

ಹೋದ ಸಲ ನಮ್ಮ ಮನೆಯ ನಾಮಕರಣಕ್ಕೆ ಬಂದಾಗಲೂ ಬಟ್ಟೆಚೀಲದ ಜೊತೆ ಅದನ್ನೇ ಹೊತ್ತು ತಂದಿದ್ದ. ನನಗೆ ತಡೆಯಲಾಗಲಿಲ್ಲ. "ನಡಿಯೋ" ಎಂದು ದ್ವಾರಕಾ ನಗರದ ಒಂದು ರಿಪೇರಿ ಅಂಗಡಿಗೆ ಎಳೆದುಕೊಂಡು ಹೋದೆ.

"ನಿಧಾನ ಇದ್ರೇನಕ್ಕ, ನಂಗೇನು ತೊಂದ್ರೆ ಇಲ್ಲ" ಎಂದು ದಾರಿಯುದ್ದಕ್ಕೂ ಗೊಣಗಿದ.

"ನನಗಿದೆ. ದಿನಾ ನನ್ನ ಕಿವಿ ತಿಂತೀಯಲ್ಲ!" ಅಂದೆ. ಆ ಮಾತು ಆಡಬಾರದಿತ್ತು. ಆಡಿದೆ.

ಅಂಗಡಿಯಲ್ಲಿ ಇದ್ದದ್ದು ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಸ್ಕ್ರೂ ಬಿಚ್ಚಿ ಒಳಗೆ ನೋಡಿ ದಂಗಾದಳು. ಇವನು ಪ್ರತಿ ಆಯುಧಪೂಜೆಗೆ ಆ ಯಂತ್ರಕ್ಕೆ ಕುಂಕುಮ ಇಡುತ್ತಿದ್ದದ್ದು ಎಲ್ಲಿಗೆ ಗೊತ್ತೇ? ಗಾಳಿ ಬರುವ ಕಿಂಡಿಗೆ! ಅದೇ ಅದರ ಹಣೆ ಎಂದುಕೊಂಡಿದ್ದನಂತೆ.

"ತಾತಗಾರು, ಇದು ಲ್ಯಾಪ್‌ಟಾಪಾ, ಕುಂಕುಮದ ಭರಣಿನಾ?" ಎಂದು ಆಕೆ ತೆಲುಗಿನಲ್ಲಿ ಕೇಳಿದಳು. ಬ್ರಷ್ಷಿನಿಂದ ಉದುರಿಸಿದ್ದು ಒಂದು ಮದುವೆಗೆ ಸಾಕಾಗುವಷ್ಟಿತ್ತು.

ಆಮೇಲೆ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ತೋರಿಸಿದಳು. ಅದರೊಳಗೆ ಒಂದು ತಟ್ಟೆ ತಿರುಗುತ್ತದಂತೆ. ಅದು ತಿರುಗಿ ತಿರುಗಿ ಹುಡುಕಿ ಕೊಡಬೇಕಂತೆ. ಹೊಸದರ ಹೆಸರು ಎಸ್ಎಸ್‌ಡಿ. ಅದರಲ್ಲಿ ತಿರುಗುವಂಥದ್ದು ಏನೂ ಇಲ್ಲ. ತಿರುಗದೆ ಹಿಟ್ಟು ಕೊಡುವ ಒರಳು ಎಂದುಕೊಂಡೆ. ಹಳೆಯದರಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದು, ಮುಚ್ಚಿ, ಗುಂಡಿ ಒತ್ತಿದಳು. ನಾನು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ತೆರೆಯಿತು!

ನಾನು ಚಪ್ಪಾಳೆ ತಟ್ಟಿದೆ. ತಮ್ಮ ತಟ್ಟಲಿಲ್ಲ. ಹಳೆಯ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತಾ, "ಬೇಕಾದ್ರೆ ಇದನ್ನ ವಾಪಸ್ ಹಾಕಬಹುದೇನಮ್ಮಾ?" ಎಂದು ಕೇಳಿದ. ಆಕೆಯೂ ನಾನೂ ನಕ್ಕೆವು.

ಅವನು ವಿಜಯವಾಡಕ್ಕೆ ವಾಪಸ್ಸು ಹೋದ. ಮರುದಿನ ಏಳಕ್ಕೆ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂಬತ್ತು ದಿನ. ಬೇಜಾರಾಯಿತು ಎಂದೆಲ್ಲ ಬರೆಯುವವಳಲ್ಲ ನಾನು. ಕಾಫಿ ಆರುತ್ತಿತ್ತು, ಅಷ್ಟೇ. ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ನಮ್ಮ ಮನೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಎಲ್ಲರದೂ ತೆಲುಗು. ಆ ಒಂಬತ್ತು ದಿನ ನಾನು ಕನ್ನಡದಲ್ಲಿ ಮಾತಾಡಿದ್ದು ದೇವರ ಜೊತೆ ಮಾತ್ರ. ಆ ದೇವರು ಮೊದಲಿನಿಂದಲೂ ಉತ್ತರ ಕೊಡುವವನಲ್ಲ.

ನಾನೇ ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಮಾಡಲಿ? ನಮ್ಮ ಮನೆತನದಲ್ಲಿ ಸುಮ್ಮನೆ ಫೋನ್ ಮಾಡುವ ಪದ್ಧತಿಯೇ ಇಲ್ಲ. ಟ್ರಂಕ್ ಕಾಲಿನ ಕಾಲದಲ್ಲಿ ಹುಟ್ಟು, ಸಾವು, ಲಗ್ನ, ಈ ಮೂರಕ್ಕೆ ಮಾತ್ರ ಫೋನು. ಅಪ್ಪ ಎತ್ತುತ್ತಲೇ "ಏನು ವಿಷಯ?" ಅನ್ನುತ್ತಿದ್ದರು. ವಿಷಯ ಇಲ್ಲದೆ ಬಾಯಿ ತೆರೆಯುವುದನ್ನು ನಾವು ಕಲಿಯಲೇ ಇಲ್ಲ.

ಹತ್ತನೇ ದಿನ ಅವನ ಹೆಂಡತಿಯ ಫೋನ್ ಬಂತು. ಆಕೆಯದು ತೆಲುಗು ಬೆರೆತ ಕನ್ನಡ; ಗಂಡನ ಅಕ್ಕನಾದ ನಾನು ಆಕೆಗೆ ವದಿನ.

"ವದಿನಗಾರು, ಈ ಮನುಷ್ಯನಿಗೆ ಏನು ಮಾಡಿಸಿ ಕಳ್ಸಿದ್ರಂಡೀ? ಬೆಳಿಗ್ಗೆ ಆನ್ ಮಾಡ್ತಾರೆ, ಅದು ಬಂದ್ಬಿಡುತ್ತೆ. ಆಫ್ ಮಾಡ್ತಾರೆ. ಮತ್ತೆ ಆನ್! ಫೋನು ಇನ್ನೊಂದು ಕೈಲೇ ಇರುತ್ತೆ. ನಿಮ್ಮಕ್ಕಂಗೆ ಮಾಡ್ರಿ ಅಂದ್ರೆ, ಏನಂತ ಮಾಡ್ಲಿ, ಕಿವಿ ತಿಂತೀನಂತೆ ನಾನು, ಅಂತಾರೆ. ನಿನ್ನೆ ನನ್ನನ್ನೇ ಕೂರಿಸಿಕೊಂಡು ತಿಪಟೂರಲ್ಲಿ ಬಿಸಿಲು ಅಂದ್ರು. ಅಯ್ಯೋ, ಇಲ್ಲಿ ವಿಜಯವಾಡದ ಬಿಸಿಲು ಸಾಲ್ದಾ ನಂಗೆ?"

"ಅವನು ಮೊದಲಿಂದಲೂ ಹಾಗೇ" ಎಂದು ಫೋನ್ ಇಟ್ಟೆ. ಆ ರಾತ್ರಿ ಒಂದು ಪಾವು ಹುರುಳಿಕಾಳು ಅಳೆದೆ. ನೆನೆಹಾಕಲಿಲ್ಲ. ನೆನೆದರೆ ಬೇಗ ಬೇಯುತ್ತದೆ.

ಬೆಳಿಗ್ಗೆ ಏಳಕ್ಕೆ ಅದನ್ನು ಪಾತ್ರೆಗೆ ಹಾಕಿ, ನೀರು ತುಂಬಿ, ಒಲೆಯ ಮೇಲಿಟ್ಟು ಅವನಿಗೆ ಫೋನ್ ಮಾಡಿದೆ.

"ಏನಕ್ಕ, ಏನು ವಿಷಯ?" ಗಾಬರಿಯಿಂದಲೇ ಎತ್ತಿದ.

"ಹುರುಳಿಕಾಳು ಬೇಯೋಕಿಟ್ಟಿದ್ದೀನಿ ಕಣೋ. ಬೇಯೋವರೆಗೂ ಸುಮ್ನೆ ಕೂರೋಕಾಗಲ್ಲ. ಮಾತಾಡು."

"ಕುಕ್ಕರಲ್ಲಿ ಇಡ್ಬೋದಿತ್ತಲ್ಲಕ್ಕ?"

ಕುಕ್ಕರ್ ಕಟ್ಟೆಯ ಮೇಲೆ ನನ್ನ ಎದುರಿಗೇ ಕೂತಿತ್ತು.

"ಕೆಟ್ಟಿದೆ" ಅಂದೆ.

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿತು. ಆಮೇಲೆ, "ಹಂಗೇ ಇರ್ಲಿ ಬಿಡಕ್ಕ. ರಿಪೇರಿ ಮಾಡಿಸ್ಬೇಡ" ಅಂದ.

ನಾನು ಒಲೆಯ ಉರಿಯನ್ನು ಇನ್ನೂ ಸ್ವಲ್ಪ ಸಣ್ಣ ಮಾಡಿದೆ.