ನಾಟಿಂಗ್‌ಹ್ಯಾಮ್ ಟ್ರಾಮಿಗೆ ಇಂದಿರಾನಗರದಲ್ಲಿ ತಾಲೀಮು

ನನ್ನ ಹೆಂಡತಿ ಸರೋಜ ಒಬ್ಬಳೇ ಇಂಗ್ಲೆಂಡಿಗೆ ಹೋಗತಕ್ಕದ್ದಲ್ಲ ಎಂಬುದು ನನ್ನ ಸುಚಿಂತಿತ ಅಭಿಪ್ರಾಯವಾಗಿತ್ತು. ನಾಟಿಂಗ್‌ಹ್ಯಾಮಿನಲ್ಲಿರುವ ಅವಳ ತಂಗಿಗೆ ಮಂಡಿ ಆಪರೇಷನ್. ಮನೆಯಿಂದ ಆಸ್ಪತ್ರೆಗೆ ಟ್ರಾಮಿನಲ್ಲೇ ಓಡಾಡಬೇಕು. ನಾನು ಟ್ರಾಮನ್ನು ಕಣ್ಣಾರೆ ಕಂಡವನಲ್ಲ, ನಿಜ. ಆದರೆ ನಿವೃತ್ತನಾದ ಮೇಲೆ ಮ್ಯಾಂಚೆಸ್ಟರ್, ಶೆಫೀಲ್ಡ್, ಎಡಿನ್‌ಬರೋಗಳ ಟ್ರಾಮುಗಳನ್ನು ಮೊಬೈಲಿನಲ್ಲಿ ಎಷ್ಟು ನೋಡಿದ್ದೇನೆಂದರೆ, ಅಲ್ಲಿನ ಚಾಲಕರು ರಜೆ ಹಾಕಿದರೆ ಧಾರಾಳವಾಗಿ ನನ್ನನ್ನು ಕರೆಯಬಹುದು.

"ನಾನಿಲ್ಲದೆ ಹೆಂಗೆ ಮ್ಯಾನೇಜ್ ಮಾಡ್ತೀಯ?" ಎಂದೆ.

"ಶಿವಾಜಿನಗರದ ನೂಕುನುಗ್ಗಲಲ್ಲಿ ಬಸ್ ಹತ್ತಿದೋಳು ರೀ ನಾನು" ಎಂದಳು.

ಈ ಅಜ್ಞಾನಕ್ಕೆ ತಾಲೀಮೊಂದೇ ಮದ್ದು. ಇಂದಿರಾನಗರದಲ್ಲಿ ಟ್ರಾಮ್ ಇಲ್ಲದ ಕಾರಣ ಮೆಟ್ರೊವನ್ನೇ ಟ್ರಾಮೆಂದು ಭಾವಿಸತಕ್ಕದ್ದು ಎಂದು ಅಪ್ಪಣೆ ಹೊರಡಿಸಿದೆ. ಪ್ಲಾಟ್‌ಫಾರಂನಲ್ಲಿ ಉಪನ್ಯಾಸವೂ ಆಯಿತು. ಅಲ್ಲಿ ಟ್ರಾಮು ಕಾರು ಬಸ್ಸುಗಳ ನಡುವೆ ರಸ್ತೆಯಲ್ಲೇ ಬರುತ್ತದೆ. ಗೇಟಿಲ್ಲ, ಹತ್ತುವ ಮೊದಲೇ ನಾವಾಗಿ ಟಿಕೆಟ್ ತೆಗೆದುಕೊಳ್ಳಬೇಕು. ಮುಖ್ಯವಾಗಿ, ಬಾಗಿಲ ಬಟನ್ ಒತ್ತಬೇಕು. ಒತ್ತದೆ ಸುಮ್ಮನೆ ನಿಂತವರನ್ನು ಬಿಟ್ಟು ಟ್ರಾಮು ಹೊರಟುಹೋಗುತ್ತದೆ.

ರೈಲು ಬಂತು. ಮಾದರಿಗಾಗಿ ಬೆರಳು ಚಾಚಿದೆ. ಅಷ್ಟರಲ್ಲಿ ಬಾಗಿಲು ತಾನಾಗಿ ತೆರೆದುಕೊಂಡು, ಬೆರಳು ಇಳಿಯುತ್ತಿದ್ದ ಒಬ್ಬರ ಹೊಟ್ಟೆಗೆ ಚುಚ್ಚಿತು. ಕ್ಷಮೆ ಕೇಳಿದೆ. ಅವರು ತಮಿಳಿನಲ್ಲಿ ಏನೋ ಅಂದರು. ಅದು ಕ್ಷಮಾದಾನವಲ್ಲ.

"ಇದನ್ನ ಲೆಕ್ಕಕ್ಕೆ ತಗೋಬೇಡ. ಇಳಿಯೋದೇ ಮುಖ್ಯ, ನೋಡ್ತಾ ಇರು" ಎಂದು ಒಳಗೆ ಹೋದೆ.

ಬಾಗಿಲ ಪಕ್ಕದಲ್ಲೇ ಒಂದು ಬಟನ್ ಇತ್ತು! ಸರೋಜ "ರೀ, ಅದು ಬೇರೆ..." ಎನ್ನುವಷ್ಟರಲ್ಲಿ ಗಂಭೀರವಾಗಿ ಒತ್ತಿದೆ.

ಗೋಡೆ ಮಾತಾಡಿತು. "ಹೇಳಿ, ಏನ್ ತೊಂದ್ರೆ?"

ಚಾಲಕನ ಧ್ವನಿ. ತೀರಾ ಅಪಾಯವಾದಾಗ ಮಾತ್ರ ಒತ್ತಬೇಕಾದ ಬಟನ್ ಅದು. ಇಡೀ ಬೋಗಿ ನನ್ನತ್ತ ತಿರುಗಿತು. ನಾನು ಸತ್ಯವನ್ನೇ ನುಡಿದೆ.

"ಏನಿಲ್ಲ ಸಾರ್. ನಾಟಿಂಗ್‌ಹ್ಯಾಮಲ್ಲಿ ಇಳಿಯೋದು ಹೆಂಗೆ ಅಂತ ತೋರಿಸ್ತಿದ್ದೆ."

"ಹಲಸೂರಲ್ಲಿ ನಾವೇ ಇಳಿಸ್ತೀವಿ, ಅಲ್ಲೇ ನಿಂತಿರಿ" ಎಂದಿತು ಗೋಡೆ.

ಹಲಸೂರಿನಲ್ಲಿ ಇಬ್ಬರು ಸಿಬ್ಬಂದಿ ಬಾಗಿಲಿಗೇ ಬಂದು ನಿಂತಿದ್ದರು. ಹೀಗೆ ನನ್ನ ಇಳಿಯುವ ಕಾರ್ಯಕ್ರಮ ಸಕಲ ಮರ್ಯಾದೆಗಳೊಂದಿಗೆ ನೆರವೇರಿತು. ಬ್ರಿಟನ್ನಿನ ಟ್ರಾಮುಗಳ ಬಗ್ಗೆ ನಾನು ವಿವರಿಸಿದಷ್ಟೂ ಅವರ ಮುಖ ಬಿಗಿಯುತ್ತಾ ಹೋಯಿತು. ಕೊನೆಗೆ ಸರೋಜ ನನ್ನನ್ನು ಪಕ್ಕಕ್ಕೆ ಸರಿಸಿ, ಕನ್ನಡದಲ್ಲಿ ಒಂದಿಷ್ಟು, ತಮಿಳಿನಲ್ಲಿ ಒಂದಿಷ್ಟು ಮಾತಾಡಿ, ಅವರನ್ನು ನಗಿಸಿ, ಬಿಡಿಸಿಕೊಂಡಳು.

"ಮೇಡಂ, ಯಜಮಾನ್ರನ್ನ ಒಬ್ಬರನ್ನೇ ಕಳಿಸ್ಬೇಡಿ" ಎಂದರು ಹಿರಿಯ ಸಿಬ್ಬಂದಿ.

"ನಂಗೂ ಅದೇ ಯೋಚನೆ ಸಾರ್. ನಾನು ಊರಲ್ಲಿ ಇಲ್ದಾಗ ಏನ್ ಮಾಡ್ಕೋತಾರೋ."

ಒಬ್ಬರೇ ಓಡಾಡಲು ಯಾರು ಯೋಗ್ಯರು ಎಂಬ ಪ್ರಶ್ನೆ ಅಲ್ಲೇ ಇತ್ಯರ್ಥವಾಯಿತು.

ಸರೋಜ ಒಬ್ಬಳೇ ಹೋದಳು. ತಲುಪಿದ ಮರುದಿನವೇ ಟ್ರಾಮ್ ಹತ್ತಿ ಆಸ್ಪತ್ರೆಗೆ ಹೋಗಿ ಬಂದು, ಫೋನ್ ಮಾಡಿ, ತನ್ನ ಸುದ್ದಿಯನ್ನು ಒಂದೇ ಮಾತಿನಲ್ಲಿ ಮುಗಿಸಿ, ನಾನು ಹೊರಗೆಲ್ಲೂ ಹೋಗಿಲ್ಲ ತಾನೇ ಎಂದು ವಿಚಾರಿಸಿದಳು. ಅವಳು ಬರುವವರೆಗೆ ನನಗೆ ಮೆಟ್ರೊ ನಿಷಿದ್ಧ. ಆಟೊದಲ್ಲಿ ಓಡಾಡುತ್ತಿದ್ದೇನೆ. ಅದಕ್ಕೆ ಬಾಗಿಲೇ ಇಲ್ಲ. ನನ್ನ ತಾಂತ್ರಿಕ ಪಾಂಡಿತ್ಯಕ್ಕೆ ಅಷ್ಟೇ ಸರಿ.