ತೈಸ್ತೊನ ಸೌನಾ ಮತ್ತು ನೈತಿಕ ಸಮಿತಿ

ಸರೋವರದ ದಂಡೆಯಲ್ಲಿರುವ ನಮ್ಮ ಆಸರೆ ಮನೆಯಲ್ಲಿ ನಿವಾಸಿಗಳ ಸ್ವನಿರ್ಧಾರದ ಹಕ್ಕನ್ನು ಪ್ರತಿ ಶನಿವಾರ ಸಂಜೆ ಐದರಿಂದ ಏಳರವರೆಗೆ ರಕ್ಷಿಸಲಾಗುತ್ತದೆ. ಶನಿವಾರವೇ ಯಾಕೆ ಎಂದು ವಿವರಿಸಬೇಕು. ಅದಕ್ಕೂ ಮೊದಲು ತೈಸ್ತೊ ಯಾರೆಂದು ಹೇಳಬೇಕು.

ತೈಸ್ತೊಗೆ ಐವತ್ನಾಲ್ಕು ವರ್ಷ. ಬೌದ್ಧಿಕ ಬೆಳವಣಿಗೆಯ ತೊಡಕಿರುವ ಆರು ಮಂದಿ ಇಲ್ಲಿದ್ದಾರೆ, ಅವರಲ್ಲಿ ಅವನೊಬ್ಬ. ಅವರ ನೆರವಿಗೆ ನೇಮಕವಾದವರಲ್ಲಿ ನಾನೊಬ್ಬ. ತೈಸ್ತೊಗೆ ಓದಲು ಬರುವುದಿಲ್ಲ. ಆದರೆ ಸೌನಾ ಕಾಯಿಸುವುದರಲ್ಲಿ, ಅಂದರೆ ಕಾದ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಬೆತ್ತಲೆ ಕೂರುವ ಮರದ ಕೋಣೆಯನ್ನು ಹದ ಮಾಡುವುದರಲ್ಲಿ, ಅವನನ್ನು ಮೀರಿಸಿದವರಿಲ್ಲ. ಹೋದ ಚಳಿಗಾಲದಲ್ಲಿ ಅವನು ಮೇಲ್ವಿಚಾರಕಿ ಹಿಲ್ಲೆವಿಯನ್ನು ಒಂದು ಮಾತು ಕೇಳಿದ.

"ಶನಿವಾರ ಸೌನಾಕ್ಕೆ ನಾನೊಬ್ನೇ ಹೋಗ್ಲಾ? ಓಸ್ಮೊ ಬಾಗಿಲಲ್ಲಿ ಜಾಕೆಟ್ ಹಾಕ್ಕೊಂಡು ನಿಂತು ನನ್ನನ್ನೇ ನೋಡ್ತಾನೆ. ಸೌನಾದಲ್ಲಿ ಜಾಕೆಟ್ಟಿನವ್ರು ಇರ್ಬಾರ್ದು ಮಾರಾಯ್ತಿ."

ಓಸ್ಮೊ ನನ್ನ ಸಹೋದ್ಯೋಗಿ. ಅವನು ನೋಡುತ್ತಿದ್ದುದು ಕೆಟ್ಟ ಉದ್ದೇಶದಿಂದಲ್ಲ, ಸುರಕ್ಷತಾ ನಿಯಮ ನಾಲ್ಕರ ಪ್ರಕಾರ.

ಹಿಲ್ಲೆವಿಯ ಕಣ್ಣು ತುಂಬಿ ಬಂತು. "ಎಂಥಾ ಆಳವಾದ ಪ್ರಶ್ನೆ ಕೇಳ್ದೆ ತೈಸ್ತೊ! ಇದಕ್ಕೊಂದು ನೈತಿಕ ಸಮಿತಿನೇ ಮಾಡೋಣ."

"ಹೂಂ ಅಂದಿದ್ರೆ ಸಾಕಿತ್ತು," ಎಂದ ತೈಸ್ತೊ.

ಏಳು ಜನರ ಸಮಿತಿಯಾಯಿತು. ನಾನೂ ಓಸ್ಮೊನೂ ಇದ್ದೆವು. ತೈಸ್ತೊನನ್ನು ಸೇರಿಸಿಕೊಳ್ಳಲಿಲ್ಲ. ಕಾರಣ ಸ್ಪಷ್ಟ: ತನ್ನ ವಿಷಯದಲ್ಲಿ ತಾನೇ ನಿರ್ಧರಿಸುವುದು ಪಕ್ಷಪಾತ. ಬೆತ್ತಲೆ ಕೂತವನನ್ನು ಬಟ್ಟೆ ತೊಟ್ಟವನು ನೋಡುವುದು ಘನತೆಗೆ ಕುಂದು ಎಂದು ಮೊದಲ ಸಭೆ ಕಂಡುಕೊಂಡಿತು. ಸಿಬ್ಬಂದಿಯೂ ಬೆತ್ತಲಾದರೆ ವೃತ್ತಿಯ ಗಡಿ ಮೀರಿದಂತೆ ಎಂದಿತು ಎರಡನೆಯದು. ನೋಡದೇ ಇದ್ದರೆ ಕರ್ತವ್ಯಲೋಪ ಎಂದಿತು ಮೂರನೆಯದು. ನಾಲ್ಕನೆಯ ಸಭೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಓಸ್ಮೊ, "ಅಲ್ಲಾ, ನಾವ್ಯಾರೂ ಅವನ ಜಾಗದಲ್ಲಿ ಕೂತು ನೋಡೇ ಇಲ್ವಲ್ಲ?" ಎಂದ.

ಹೀಗೆ ಐದನೆಯ ಸಭೆ ಶನಿವಾರ ಸಂಜೆ ಸೌನಾದಲ್ಲೇ ನಡೆಯಿತು. ಕಾಯಿಸಿದ್ದು ತೈಸ್ತೊ. ಒಳಗೆ ನಿವಾಸಿಗಳಾರೂ ಇಲ್ಲದ್ದರಿಂದ ನಾವು ಬಟ್ಟೆ ಕಳಚಿದರೂ ವೃತ್ತಿಯ ಗಡಿಗೆ ಧಕ್ಕೆಯಾಗಲಿಲ್ಲ. ಬಾಗಿಲಿಗೆ ಪ್ರಕಟಣೆ ಅಂಟಿಸಿದೆವು: "ನಿವಾಸಿಗಳ ಘನತೆಯ ಕುರಿತು ಸಭೆ ನಡೆಯುತ್ತಿರುವುದರಿಂದ ನಿವಾಸಿಗಳು ಒಳಗೆ ಬರತಕ್ಕದ್ದಲ್ಲ." ತೈಸ್ತೊಗೆ ಅರ್ಥವಾಗಲೆಂದು ಪಕ್ಕದಲ್ಲೊಂದು ಚಿತ್ರವನ್ನೂ ಹಾಕಿದೆವು. ಬೆತ್ತಲೆ ಮನುಷ್ಯ, ಅವನ ಮೇಲೊಂದು ಕೆಂಪು ಗೀಟು. ಮಾಹಿತಿ ಎಲ್ಲರಿಗೂ ತಲುಪಬೇಕೆಂಬುದು ನಮ್ಮ ತತ್ವ.

ಎರಡು ಗಂಟೆಯ ಬಳಿಕ ಹಿಲ್ಲೆವಿ ಕೆಂಪಗಾಗಿ ಹೊರಬಂದಳು. "ಒಬ್ರೇ ಕೂತ್ರೆ ಹೇಗಿರುತ್ತೆ ಅಂತ ಏಳು ಜನ ಕೂತು ತಿಳ್ಕೊಳ್ಳೋದು ಸುಲಭ ಅಲ್ಲ. ಇನ್ನೂ ಅಧ್ಯಯನ ಬೇಕು."

"ಮತ್ತೆ ನನ್ನ ಸರದಿ?" ಎಂದ ತೈಸ್ತೊ.

"ನಿನಗೋಸ್ಕರವೇ ಅಲ್ವೇನೋ ಇಷ್ಟೊಂದು ಬೆವರು ಸುರಿಸ್ತಿರೋದು!"

ಅಂದಿನಿಂದ ಪ್ರತಿ ಶನಿವಾರ ಅಧ್ಯಯನ ನಡೆದಿದೆ. ಒಬ್ಬೊಬ್ಬರು ಒಂದೊಂದು ವಾರ ಸಾಸೇಜ್ ತರುತ್ತಾರೆ. ತೈಸ್ತೊ ಮಂಗಳವಾರ ಷವರ್‌ನಲ್ಲಿ ಸ್ನಾನ ಮಾಡುತ್ತಾನೆ, ಬಾಗಿಲಲ್ಲಿ ಓಸ್ಮೊ ಇರುತ್ತಾನೆ, ಜಾಕೆಟ್ಟಿನಲ್ಲಿ.

ಮೊನ್ನೆ ಹತ್ತೊಂಬತ್ತನೆಯ ಸಭೆ ಮುಗಿದ ಮೇಲೆ ನಿವಾಸಿಯ ಅಭಿಪ್ರಾಯ ಪಡೆಯುವ ನಮೂನೆಯನ್ನು ತೈಸ್ತೊಗೆ ಓದಿ ಹೇಳಿದೆ.

"ನಿಮ್ಮ ಧ್ವನಿಯನ್ನು ಆಲಿಸಲಾಯಿತೇ?"

ಅವನು ಕೈಯ ಮಸಿ ಒರೆಸಿಕೊಂಡ. "ಇನ್ನೆರಡು ಕೊರಡು ಹಾಕ್ಲಾ ಅಂತ ಹೊರಗಿಂದ ಕೂಗ್ದೆ. ಒಳಗಿಂದ ಏಳೂ ಜನ 'ಹಾಕು' ಅಂದ್ರಿ."

'ಹೌದು' ಎಂಬಲ್ಲಿ ಗುರುತು ಹಾಕಿದೆ.

"ನನ್ನ ಸೌನಾ ವಿಷಯ ಏನಾಯ್ತು?"

"ಮುಂದಿನ ಶನಿವಾರದ ಸಭೇಲಿ ಮೊದಲನೇ ವಿಷಯವೇ ಅದು."

"ಹಾಗಾದ್ರೆ ಕಟ್ಟಿಗೆ ಸೀಳ್ಬೇಕು," ಎಂದು ಅವನು ಎದ್ದು ಹೋದ.

ನನ್ನ ಒದ್ದೆ ತಲೆಯಿಂದ ಒಂದು ಹನಿ ನಮೂನೆಯ ಮೇಲೆ ಬಿತ್ತು. ತಕ್ಷಣ ಒರೆಸಿದೆ. ದಾಖಲೆಗಳು ಸ್ವಚ್ಛವಾಗಿರಬೇಕೆಂಬುದು ನಿಯಮ.